ಕಾಡುಕುರಿಯ ಬೇಟೆಗೆ ಯಾವ ದೇಶ? ಒಂದು ಜಮಾ–ಖರ್ಚಿನ ವಿಚಾರ

ಹಣ ಗಳಿಸುವುದು ಒಂದು ವಿದ್ಯೆಯಾದರೆ, ಗಳಿಸಿದ ಹಣವನ್ನು ವಿನಿಯೋಗಿಸುವುದು ಅದಕ್ಕಿಂತಲೂ ಮಿಗಿಲಾದ ವಿದ್ಯೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಹತ್ತಿಯ ಒಂದು ಕ್ವಿಂಟಲಿಗೆ ಐವತ್ತು ರೂಪಾಯಿ ಹೆಚ್ಚು–ಕಡಿಮೆಯಾದರೆ ಅರ್ಧ ದಿನ ಚೌಕಾಸಿ ಮಾಡುವ ನಮ್ಮ ವರ್ತಕ ಬಂಧುಗಳು, ಸ್ವಂತ ಸಂತೋಷಕ್ಕಾಗಿ ಮಾಡುವ ದೊಡ್ಡ ಖರ್ಚಿನಲ್ಲಿ ಅಷ್ಟೇ ಎಚ್ಚರ ವಹಿಸುತ್ತಾರೆಯೇ ಎಂಬ ಪ್ರಶ್ನೆ ಲೆಕ್ಕಪರಿಶೋಧಕನಾದ ನನಗೆ ಪ್ರತಿವರ್ಷವೂ ಎದುರಾಗುತ್ತದೆ. ಈ ಲೇಖನಕ್ಕೆ ಕಾರಣವಾದದ್ದೂ ಅಂಥದೇ ಒಂದು ಪ್ರಸಂಗ.

ಮಾನ್ವಿಯಲ್ಲಿ ಅಕ್ಕಿ ಗಿರಣಿಯನ್ನೂ ಹತ್ತಿ ಜಿನ್ನಿಂಗ್ ಕಾರ್ಖಾನೆಯನ್ನೂ ನಡೆಸುವ ನನ್ನ ಕಕ್ಷಿದಾರರೊಬ್ಬರು ಕಳೆದ ಆಷಾಢದಲ್ಲಿ ನನ್ನ ಕಚೇರಿಗೆ ಬಂದು, ಮೇಜಿನ ಮೇಲೆ ನಾಲ್ಕು ಬಣ್ಣದ ಪುಸ್ತಿಕೆಗಳನ್ನು ಹರಡಿದರು. ಒಂದರಲ್ಲಿ ಕಿರ್ಗಿಸ್ತಾನ, ಇನ್ನೊಂದರಲ್ಲಿ ತಜಕಿಸ್ತಾನ, ಮೂರನೆಯದರಲ್ಲಿ ಮಂಗೋಲಿಯಾ, ನಾಲ್ಕನೆಯದರಲ್ಲಿ ಅಮೆರಿಕದ ಅಲಾಸ್ಕಾ. ಎಲ್ಲವೂ ಮಾರ್ಗದರ್ಶಕರೊಡನೆ ಕಾಡುಕುರಿಯನ್ನು ಬೇಟೆಯಾಡುವ ಪ್ರವಾಸಗಳ ವಿವರಣೆಗಳು. ದುಬೈಯಲ್ಲಿರುವ ವ್ಯಾಪಾರಿ ಸ್ನೇಹಿತರೊಬ್ಬರು ನಾಲ್ವರ ತಂಡ ಕಟ್ಟುತ್ತಿದ್ದರು. ಖರ್ಚಿನ ಒಂದು ಭಾಗವನ್ನು ಸರಕು ಪೂರೈಸುವ ಸಂಸ್ಥೆಯೊಂದು ‘ಗುರಿ ಮುಟ್ಟಿದ ಕಾಣಿಕೆ’ಯಾಗಿ ಭರಿಸುವುದೆಂಬ ಮಾತೂ ಇತ್ತು. ತಲೆಗೆ ನಲವತ್ತು ಲಕ್ಷ ರೂಪಾಯಿಗಳ ಆಸುಪಾಸಿನ ಬಾಬತ್ತು. “ಇವುಗಳಲ್ಲಿ ಯಾವುದು ಮೇಲು, ನೀವು ಯಂತ್ರ ಖರೀದಿಗೆ ಮಾಡಿಕೊಡುವಂತೆ ಒಂದು ತಃಖ್ತೆ ಮಾಡಿಕೊಡಿ” ಎಂದು ಅವರು ಕೇಳಿದರು.

ಅವರ ಜೊತೆಯಲ್ಲಿ ವಯೋವೃದ್ಧರಾದ ತಂದೆಯವರೂ ಬಂದಿದ್ದರು. ದೇವದುರ್ಗ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕುರಿ ಕಾಯುತ್ತ ಬದುಕು ಆರಂಭಿಸಿದ ಹಿರಿಯರು ಅವರು. ಪುಸ್ತಿಕೆಯಲ್ಲಿದ್ದ ಸುರುಳಿಕೊಂಬಿನ ಭಾರಿ ಟಗರಿನ ಚಿತ್ರವನ್ನು ಬಹಳ ಹೊತ್ತು ನೋಡಿ, “ಈ ಹಿಂಡು ಯಾರದು?” ಎಂದು ಒಂದೇ ಪ್ರಶ್ನೆ ಕೇಳಿದರು. ಮಗ ನಕ್ಕರು. ಆದರೆ ನಾನು ತಃಖ್ತೆ ಸಿದ್ಧಪಡಿಸುತ್ತ ಹೋದಂತೆ, ಇಡೀ ವ್ಯವಹಾರದ ಕೀಲಿ ಆ ಪ್ರಶ್ನೆಯಲ್ಲಿಯೇ ಇದೆಯೆಂಬುದು ನನಗೆ ಮನವರಿಕೆಯಾಯಿತು. ಓದುಗ ಮಿತ್ರರ ಉಪಯೋಗಕ್ಕಾಗಿ ಆ ತಃಖ್ತೆಯ ಸಾರವನ್ನು ಇಲ್ಲಿ ಕೊಡುತ್ತಿದ್ದೇನೆ.

ಮೊದಲು ಸರಕಿನ ಪರಿಚಯ

ಕನ್ನಡದಲ್ಲಿ ‘ಕಾಡುಕುರಿ’ ಎಂಬ ಹೆಸರು ಮಲೆನಾಡಿನ ಕಡೆ ಒಂದು ಬಗೆಯ ಸಣ್ಣ ಜಿಂಕೆಗೆ ಸಲ್ಲುತ್ತದೆ. ಅದು ನಾಯಿ ಬೊಗಳಿದಂತೆ ಕೂಗುವ ಪ್ರಾಣಿ. ಕುರಿಯ ಜಾತಿಗೆ ಸೇರಿದ್ದಲ್ಲ. ನಿಜವಾದ ಕಾಡುಕುರಿ ಕರ್ನಾಟಕದಲ್ಲಿ ಇಲ್ಲವೇ ಇಲ್ಲ. ನಮ್ಮ ಲಿಂಗಸುಗೂರು, ಸಿಂಧನೂರು ಕಡೆಯ ಗುಡ್ಡಗಳಲ್ಲಿ ಮೇಯುವ ಕೆಂಗಂದು ಬಣ್ಣದ ಕೆಂಗುರಿ ಸಾಕು ತಳಿ. ನೀಲಗಿರಿಯ ವರೆಯಾಡು ದಕ್ಷಿಣ ಭಾರತದ ಬೆಟ್ಟಗಳ ಪ್ರಾಣಿಯಾದರೂ ಅದೂ ನಿಜವಾದ ಕುರಿಯಲ್ಲ; ಅದು ತಮಿಳುನಾಡಿನ ರಾಜ್ಯಪ್ರಾಣಿ.

ಭಾರತದಲ್ಲಿ ನಿಜವಾದ ಕಾಡುಕುರಿಗಳು ಹಿಮಾಲಯದಾಚೆಯ ಶೀತ ಮರುಭೂಮಿಯಲ್ಲಿವೆ. ಲಡಾಖಿನಲ್ಲಿ ‘ಶಾಪು’ ಎಂದು ಕರೆಯುವ ಯೂರಿಯಲ್ ಒಂದು, ‘ನ್ಯಾನ್’ ಎಂದು ಕರೆಯುವ ಟಿಬೆಟ್ ಅರ್ಗಾಲಿ ಇನ್ನೊಂದು. ಲಡಾಖ್ ಮತ್ತು ಸ್ಪಿತಿಯಲ್ಲಿ ಹೇರಳವಾಗಿ ಕಾಣುವ ಭರಲ್ ಅಥವಾ ನೀಲಿಕುರಿ ಹೆಸರಿಗೆ ಕುರಿಯಾದರೂ ಪ್ರಾಣಿಶಾಸ್ತ್ರದ ಪ್ರಕಾರ ಬೇರೊಂದು ಕುಲಕ್ಕೆ ಸೇರಿದ್ದು. ಜಗತ್ತಿನ ಕಾಡುಕುರಿಗಳಲ್ಲಿ ಅರ್ಗಾಲಿಯೇ ಅತಿ ದೊಡ್ಡದು. ಬೆಳೆದ ಟಗರು ೧೫೦ ಕಿಲೋ ಮೀರುವುದುಂಟು. ಅದರಲ್ಲಿ ಪಾಮೀರ್ ಪರ್ವತಗಳ ತಳಿಗೆ, ಹದಿಮೂರನೆಯ ಶತಮಾನದಲ್ಲಿ ಆ ದಾರಿಯಾಗಿ ಪಯಣಿಸಿ ಅದನ್ನು ವರ್ಣಿಸಿದ ಮಾರ್ಕೊ ಪೋಲೋನ ಹೆಸರಿದೆ. ಉತ್ತರ ಅಮೆರಿಕದಲ್ಲಿ ಡಾಲ್, ಸ್ಟೋನ್, ರಾಕಿ ಪರ್ವತದ ಬಿಗ್‌ಹಾರ್ನ್, ಮರುಭೂಮಿಯ ಬಿಗ್‌ಹಾರ್ನ್ ಎಂದು ನಾಲ್ಕು ಬಗೆಗಳನ್ನು ಬೇಟೆಗಾರರು ಎಣಿಸುತ್ತಾರೆ.

ಸ್ವದೇಶದಲ್ಲಿ: ಪ್ರಶ್ನೆಯೇ ಇಲ್ಲ

“ಲಡಾಖಿನಲ್ಲೇ ಇದೆಯಲ್ಲ, ಅಷ್ಟು ದೂರ ಯಾಕೆ?” ಎಂದು ನನ್ನ ಕಕ್ಷಿದಾರರು ಕೇಳಿದ್ದು ಸಹಜ. ಆದರೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂಬತ್ತನೆಯ ಕಲಂ ಬೇಟೆಯನ್ನು ನಿಷೇಧಿಸಿದೆ. ೧೯೯೧ರ ತಿದ್ದುಪಡಿಯ ಅನಂತರ ಪರವಾನಗಿಯ ಮೇಲೆ ಬೇಟೆಯಾಡುವ ಪದ್ಧತಿಯೇ ಕೊನೆಗೊಂಡಿತು. ಮನುಷ್ಯರ ಪ್ರಾಣಕ್ಕೆ ಅಪಾಯವಾದಾಗ, ರೋಗದ ಸಂದರ್ಭದಲ್ಲಿ, ಸಂಶೋಧನೆಯಂಥ ಕಾರಣಗಳಿಗೆ ಅಧಿಕಾರಿಗಳು ಕೊಡುವ ಅನುಮತಿಗಳನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಬಲೆ ಒಡ್ಡುವುದು, ಅಟ್ಟುವುದು, ಆಮಿಷ ಇಡುವುದು, ಕೊನೆಗೆ ಪ್ರಯತ್ನಿಸುವುದೂ ಕಾಯಿದೆಯ ವ್ಯಾಖ್ಯೆಯೊಳಗೆ ಬರುತ್ತದೆ. ಶಾಪು, ನ್ಯಾನ್, ಭರಲ್ ಮೂರೂ ಮೊದಲನೆಯ ಅನುಸೂಚಿಯಲ್ಲಿವೆ. ಆ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದರೆ ಮೂರರಿಂದ ಏಳು ವರ್ಷಗಳ ಸೆರೆವಾಸ. ೨೦೨೨ರ ತಿದ್ದುಪಡಿಯಂತೆ ದಂಡ ೨೫,೦೦೦ ರೂಪಾಯಿಗಳಿಗೆ ಕಡಿಮೆಯಿಲ್ಲ. ಆ ತಿದ್ದುಪಡಿ ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದಿದೆ.

ಈ ಮಾತು ನಮ್ಮ ಭಾಗಕ್ಕೂ ಅನ್ವಯಿಸುತ್ತದೆ. ಯುಗಾದಿಯ ಆಸುಪಾಸಿನಲ್ಲಿ ಸಂಪ್ರದಾಯವೆಂದು ಮೊಲದ ಬೇಟೆಗೆ ಹೋಗುವ ರೂಢಿ ನಮ್ಮ ಕೆಲವು ಹಳ್ಳಿಗಳಲ್ಲಿ ಇನ್ನೂ ಇದೆ. ಮೊಲವಾದರೂ ಅದು ಅಪರಾಧವೇ. ಕೆಲಸಗಾರರಿಗೆ ಜೀಪು ಕೊಟ್ಟ ಮಾಲೀಕನೂ ಪ್ರಕರಣದಲ್ಲಿ ಸಿಕ್ಕಿಕೊಳ್ಳಬಹುದೆಂಬುದನ್ನು ಉದ್ಯಮಿಗಳು ಮರೆಯಬಾರದು.

ಇನ್ನೊಂದು ಉಪಯುಕ್ತ ಸಂಗತಿ. ಹಳೆಯ ವಾಡೆಗಳ ಗೋಡೆಗಳ ಮೇಲೆ ಅಜ್ಜ–ಮುತ್ತಜ್ಜರ ಕಾಲದ ಕೃಷ್ಣಮೃಗದ ಕೊಂಬುಗಳು ತೂಗುತ್ತಿರುವುದನ್ನು ನಾವು ಕಂಡಿದ್ದೇವೆ. ಅವಕ್ಕೆ ಒಡೆತನದ ಪ್ರಮಾಣಪತ್ರ ಇರಬೇಕು. ೨೦೦೩ರಲ್ಲಿ ಘೋಷಣೆಗೆ ೧೮೦ ದಿನಗಳ ಅವಕಾಶ ಕೊಡಲಾಗಿತ್ತು. ಪ್ರಮಾಣಪತ್ರ ಇದ್ದರೂ ಮಾರುವಂತಿಲ್ಲ. ಇಟ್ಟುಕೊಳ್ಳಲು ಮನಸ್ಸಿಲ್ಲದ ಪ್ರಮಾಣಪತ್ರದಾರರು ಮುಖ್ಯ ವನ್ಯಜೀವಿ ಪಾಲಕರಿಗೆ ತಿಳಿಸಿ ಸ್ವಇಚ್ಛೆಯಿಂದ ಒಪ್ಪಿಸಬಹುದೆಂದು ೨೦೨೨ರ ತಿದ್ದುಪಡಿಯ ೪೨ಎ ಕಲಂ ಹೇಳುತ್ತದೆ, ಪರಿಹಾರ ದೊರೆಯುವುದಿಲ್ಲ. ಆಸ್ತಿ ಹಂಚಿಕೆಯ ಪಟ್ಟಿಯಲ್ಲಿ ಇಂಥ ವಸ್ತುವನ್ನು ಬರೆಯಿಸುವ ಮುನ್ನ ಕಾಗದಪತ್ರ ನೋಡಿಕೊಳ್ಳುವುದು ಒಳಿತು.

“ಈ ಹಿಂಡು ಯಾರದು?”

ನಮ್ಮ ಕಾಯಿದೆಯ ೩೯ನೆಯ ಕಲಮಿನಂತೆ ಬೇಟೆಗೆ ಈಡಾದ ಅಥವಾ ಸತ್ತು ಬಿದ್ದ ವನ್ಯಪ್ರಾಣಿ ಸರ್ಕಾರದ ಆಸ್ತಿ. ಹೊರದೇಶಗಳಲ್ಲಿ ಉತ್ತರ ಒಂದೊಂದು ಕಡೆ ಒಂದೊಂದು ರೀತಿ. ಎಲ್ಲಿಗೆ ಹೋಗಬೇಕೆಂಬ ಆಯ್ಕೆಯ ಗುಣಾವಗುಣ ಈ ಉತ್ತರವನ್ನೇ ಅವಲಂಬಿಸಿದೆ.

ಬಲೂಚಿಸ್ತಾನದ ತೋರ್ಘರ್ ಬೆಟ್ಟಗಳ ಉದಾಹರಣೆಯನ್ನು ನೋಡೋಣ. ೧೯೮೦ರ ದಶಕದ ನಡುವಿನ ವೇಳೆಗೆ ಅಲ್ಲಿ ಕೊಂಬು ತಿರುಚಿದ ಕಾಡು ಆಡಾದ ಮಾರ್ಖೋರ್ ನೂರಕ್ಕಿಂತ ಕಡಿಮೆಯೂ, ಯೂರಿಯಲ್ ಕುರಿ ಇನ್ನೂರರಷ್ಟೂ ಉಳಿದಿವೆಯೆಂದು ಅಂದಾಜು ಮಾಡಲಾಗಿತ್ತು. ಅಲ್ಲಿಯ ಬುಡಕಟ್ಟಿನ ಮುಖಂಡರು ಒಂದು ಯೋಜನೆ ಹಾಕಿದರು. ಊರವರ ಬೇಟೆಯನ್ನು ನಿಲ್ಲಿಸಿ, ಬೇಟೆಯಾಡುತ್ತಿದ್ದವರನ್ನೇ ಸಂಬಳ ಕೊಟ್ಟು ಕಾವಲಿಗೆ ನೇಮಿಸಿದರು. ವರ್ಷಕ್ಕೆ ಕೆಲವೇ ಮುದಿ ಗಂಡುಗಳನ್ನು ವಿದೇಶೀ ಬೇಟೆಗಾರರಿಗೆ ದೊಡ್ಡ ಬೆಲೆಗೆ ಕೊಟ್ಟು, ಆ ಹಣದಿಂದ ಕಾವಲುಗಾರರ ಸಂಬಳವನ್ನೂ ಊರಿನ ಕೆಲಸಗಳನ್ನೂ ನಡೆಸಿದರು. ೧೯೯೯ರ ಗಣತಿಯ ವೇಳೆಗೆ ಮಾರ್ಖೋರ್ ಸಾವಿರವನ್ನೂ, ಯೂರಿಯಲ್ ಒಂದೂವರೆ ಸಾವಿರವನ್ನೂ ದಾಟಿದ್ದವು. ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ‘ಸೈಟಿಸ್’ ೧೯೯೭ರಲ್ಲಿ ಇಡೀ ಪಾಕಿಸ್ತಾನಕ್ಕೆ ವರ್ಷಕ್ಕೆ ಆರು ಮಾರ್ಖೋರ್‌ಗಳ ಮಿತಿಯನ್ನು ಒಪ್ಪಿ, ೨೦೦೨ರಲ್ಲಿ ಅದನ್ನು ಹನ್ನೆರಡಕ್ಕೆ ಏರಿಸಿತು. ಗಿಲ್ಗಿಟ್–ಬಾಲ್ಟಿಸ್ತಾನದಲ್ಲಿ ಪರವಾನಗಿಗಳು ಹರಾಜಾಗುತ್ತವೆ. ಬಂದ ಶುಲ್ಕದಲ್ಲಿ ಶೇಕಡಾ ೮೦ ಸ್ಥಳೀಯ ಸಮುದಾಯಕ್ಕೆ, ೨೦ ಸರ್ಕಾರಕ್ಕೆ. ೨೦೧೯ರಲ್ಲಿ ಅಮೆರಿಕದ ಒಬ್ಬ ಬೇಟೆಗಾರ ಅಲ್ಲಿ ಒಂದೇ ಮಾರ್ಖೋರ್‌ಗೆ ೧,೧೦,೦೦೦ ಡಾಲರ್ ತೆತ್ತದ್ದು ಜಗತ್ತಿನ ಪತ್ರಿಕೆಗಳಲ್ಲಿ ಸುದ್ದಿಯಾಯಿತು.

ಭಾರತೀಯರು ಬೇಟೆಗೆಂದು ಅಲ್ಲಿಗೆ ಹೋಗುವ ಪ್ರಶ್ನೆ ಉದ್ಭವಿಸುವುದಿಲ್ಲ. ಆದರೂ ತತ್ತ್ವ ಮುಖ್ಯ. ಹಿಂಡು ಊರಿನದಾದಾಗ ಊರು ಅದನ್ನು ಕಾಯುತ್ತದೆ. ಹಿಂಡು ಯಾರದೂ ಅಲ್ಲವಾದಾಗ ಮೊದಲು ಬಂದವನು ಹೊಡೆಯುತ್ತಾನೆ. ಕುರಿಗಾಹಿ ಹಿರಿಯರು ಕೇಳಿದ್ದು ಇದನ್ನೇ.

ತಜಕಿಸ್ತಾನದ ಪಾಮೀರಿನಲ್ಲಿ ಎರಡು ಬಗೆಯ ವ್ಯವಸ್ಥೆಗಳಿವೆ. ಒಂದು, ದೊಡ್ಡ ಪ್ರದೇಶವನ್ನು ಗುತ್ತಿಗೆ ಹಿಡಿದ ಖಾಸಗಿ ಸಂಸ್ಥೆಗಳು. ಇನ್ನೊಂದು, ಅಲಿಚುರ್‌ನಂಥ ಹಳ್ಳಿಗಳ ಜನ ತಾವೇ ಕಟ್ಟಿಕೊಂಡ ಸಂರಕ್ಷಣಾ ಸಂಘಗಳು. ಪುಸ್ತಿಕೆಯ ಬಣ್ಣದ ಚಿತ್ರಗಳಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ; ಪತ್ರ ಬರೆದು ಕೇಳಬೇಕು. ಪರವಾನಗಿ ಯಾರ ಹೆಸರಿನಲ್ಲಿದೆ, ಈ ವರ್ಷದ ಮಿತಿ ಎಷ್ಟು, ಶುಲ್ಕದ ಎಷ್ಟು ಪಾಲು ಹಳ್ಳಿಗೆ ಎಂಬ ಮೂರು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಕೊಡದ ದಲ್ಲಾಳಿಯೊಡನೆ ವ್ಯವಹಾರ ಬೇಡ. ನನ್ನ ಕಕ್ಷಿದಾರರ ನಾಲ್ಕು ಪುಸ್ತಿಕೆಗಳ ದಲ್ಲಾಳಿಗಳಿಗೂ ನಾವು ಈ ಪ್ರಶ್ನೆಗಳನ್ನು ಕಳಿಸಿದೆವು. ಪೂರ್ಣ ಉತ್ತರ ಬಂದದ್ದು ಒಬ್ಬರಿಂದ ಮಾತ್ರ. ಒಬ್ಬರು ಮುಂಗಡ ಕಳಿಸಿದ ಮೇಲೆ ಮಾತನಾಡೋಣ ಎಂದರು.

ಅಮೆರಿಕದ ಲೆಕ್ಕ

ಅಮೆರಿಕದಲ್ಲಿ ವನ್ಯಪ್ರಾಣಿಯ ಒಡೆತನ ಆಯಾ ರಾಜ್ಯದ ಜನತೆಯ ಪರವಾಗಿ ರಾಜ್ಯ ಸರ್ಕಾರದ್ದು. ಬಿಗ್‌ಹಾರ್ನ್ ಕುರಿಯ ಪರವಾನಗಿಗಳನ್ನು ಹೆಚ್ಚಾಗಿ ಚೀಟಿ ಎತ್ತಿ ಹಂಚುತ್ತಾರೆ. ಸಾಮಾನ್ಯನಿಗೂ ಅವಕಾಶವಿದೆ, ಆದರೆ ಹತ್ತಾರು ವರ್ಷ ಅರ್ಜಿ ಹಾಕಿದರೂ ಚೀಟಿ ಬಾರದಿರಬಹುದು. ಒಂದೆರಡು ಪರವಾನಗಿಗಳನ್ನು ಮಾತ್ರ ಹರಾಜು ಹಾಕಿ, ಬಂದ ಹಣವನ್ನು ಕುರಿಗಳ ಸಂರಕ್ಷಣೆಗೆ ಬಳಸುತ್ತಾರೆ. ೨೦೧೩ರಲ್ಲಿ ಮಾಂಟಾನಾ ರಾಜ್ಯದ ಇಂಥ ಒಂದು ಪರವಾನಗಿ ೪,೮೦,೦೦೦ ಡಾಲರಿಗೆ ಹೋಯಿತು. ಅಲಾಸ್ಕಾದಲ್ಲಿ ಡಾಲ್ ಕುರಿಯನ್ನು ಬೇಟೆಯಾಡಲು ಹೊರರಾಜ್ಯದವರಿಗೆ ಮಾರ್ಗದರ್ಶಕ ಕಡ್ಡಾಯ. ವಿದೇಶೀಯರಿಗಂತೂ ಎಲ್ಲ ದೊಡ್ಡ ಪ್ರಾಣಿಗಳಿಗೂ ಕಡ್ಡಾಯ. ಅಂದರೆ ಅಲ್ಲಿ ಮಾರ್ಗದರ್ಶಕನ ಶುಲ್ಕ ತಪ್ಪಿಸಲಾಗದ ವೆಚ್ಚ.

ಕಾನೂನು ಅಲ್ಲಿ ಎಷ್ಟು ಬಿಗಿ ಎಂಬುದಕ್ಕೆ ಇತ್ತೀಚಿನ ಒಂದು ಪ್ರಕರಣ ಸಾಕ್ಷಿ. ಮಾಂಟಾನಾದ ಪಶುಪಾಲಕನೊಬ್ಬ ಕಿರ್ಗಿಸ್ತಾನದಲ್ಲಿ ಬೇಟೆಯಾದ ಮಾರ್ಕೊ ಪೋಲೋ ಕುರಿಯ ಅಂಗಾಂಶವನ್ನು ಅಕ್ರಮವಾಗಿ ತರಿಸಿ, ಪ್ರಯೋಗಾಲಯದಲ್ಲಿ ಅದರ ತದ್ರೂಪಿಯನ್ನು ಸೃಷ್ಟಿಸಿ, ಖಾಸಗಿ ಬೇಟೆ ತೋಟಗಳಿಗೆ ಮಾರಲೆಂದು ಮಿಶ್ರತಳಿಯ ದೊಡ್ಡ ಕುರಿಗಳನ್ನು ಬೆಳೆಸಿದ. ೮೧ರ ವಯಸ್ಸಿನಲ್ಲಿ, ೨೦೨೪ರ ಸೆಪ್ಟೆಂಬರಿನಲ್ಲಿ, ಅವನಿಗೆ ಆರು ತಿಂಗಳ ಸೆರೆವಾಸ ವಿಧಿಸಲಾಯಿತು. ಸರಕಿನ ಮೂಲದ ಕಾಗದ ಸರಿಯಿಲ್ಲದಿದ್ದರೆ ಎಷ್ಟು ಜಾಣ ವ್ಯಾಪಾರವೂ ಕೊನೆಗೆ ನಷ್ಟವೇ.

ಒಳ್ಳೆಯ ಟಗರನ್ನು ಮಾರುವವರುಂಟೆ?

ತಃಖ್ತೆಯಲ್ಲಿ ರೂಪಾಯಿಗಳಲ್ಲಿ ತೋರಿಸಲಾಗದ ಒಂದು ಬಾಬತ್ತೂ ಇದೆ. ಬೇಟೆಗಾರ ಹಣ ಕೊಡುವುದು ಅತಿ ದೊಡ್ಡ ಕೊಂಬಿಗೆ. ಕೆನಡಾದ ಆಲ್ಬರ್ಟಾ ಪ್ರಾಂತದ ರ‍್ಯಾಮ್ ಮೌಂಟನ್ ಎಂಬಲ್ಲಿ ಸುಮಾರು ಮೂವತ್ತು ವರ್ಷಗಳ ದಾಖಲೆಗಳನ್ನು ಪರಿಶೀಲಿಸಿದ ವಿಜ್ಞಾನಿಗಳು, ದೊಡ್ಡ ಕೊಂಬಿನ ಟಗರುಗಳನ್ನೇ ಆರಿಸಿ ಹೊಡೆದುದರಿಂದ ಹಿಂಡಿನ ಟಗರುಗಳ ತೂಕವೂ ಕೊಂಬಿನ ಗಾತ್ರವೂ ಇಳಿದುವೆಂದು ೨೦೦೩ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ದೊಡ್ಡ ಟಗರು ಸಂತಾನ ಬಿಡುವ ಮುನ್ನವೇ ಗುಂಡಿಗೆ ಬಲಿಯಾದರೆ, ಸಣ್ಣ ಕೊಂಬಿನವು ಮಂದೆಯನ್ನು ಮುಂದುವರಿಸುತ್ತವೆ.

ಇದನ್ನು ಹಿರಿಯರಿಗೆ ಓದಿ ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. “ಸಂತೆಗೆ ಒಯ್ಯುವುದು ಎರಡನೇ ದರ್ಜೆಯ ಟಗರು. ಮೊದಲನೇದು ಹಟ್ಟಿಯಲ್ಲೇ ಇರಬೇಕು” ಎಂದರು. ಬೀಜದ ಹತ್ತಿಯನ್ನು ಜಿನ್ನಿಗೆ ಹಾಕಬಾರದೆಂಬುದು ರೈತನಿಗೂ ಗೊತ್ತು. ಆದುದರಿಂದ ಹೋಗುವುದೇ ನಿಶ್ಚಯವಾದರೆ, ಹರೆಯ ಮುಗಿದ ಮುದಿ ಟಗರನ್ನು ಮಾತ್ರ ತೋರಿಸುವ, ವಯಸ್ಸನ್ನು ಕೊಂಬಿನ ಉಂಗುರಗಳಿಂದ ಎಣಿಸಿ ದಾಖಲಿಸುವ ಸ್ಥಳವನ್ನೇ ಆರಿಸಿಕೊಳ್ಳಬೇಕು.

ಕರಾರಿನಲ್ಲಿ ನೋಡಬೇಕಾದ ಅಂಶಗಳು

ಬೇಟೆಯ ಪ್ರವಾಸ ಒಂದು ಕರಾರು. ನಮ್ಮ ಖರೀದಿ ಕರಾರುಗಳಲ್ಲಿ ನೋಡುವಷ್ಟೇ ಎಚ್ಚರದಿಂದ ಅದನ್ನೂ ಓದಬೇಕು.

೧. ಪುಸ್ತಿಕೆಯ ಬೆಲೆ ಪೂರ್ಣ ಬೆಲೆಯಲ್ಲ. ಬಂದೂಕಿನ ಬಾಡಿಗೆ, ಸ್ಥಳೀಯ ಸಾರಿಗೆ, ವಿಮೆ, ಕೊಂಬು–ಚರ್ಮ ಹದ ಮಾಡುವ ವೆಚ್ಚ, ಸಾಗಣೆ, ಭಕ್ಷೀಸು ಸಾಮಾನ್ಯವಾಗಿ ಪ್ರತ್ಯೇಕ.

೨. ಮುಂಗಡ ಮರಳುವುದಿಲ್ಲವೆಂಬ ಷರತ್ತು ಈ ವ್ಯವಹಾರದಲ್ಲಿ ರೂಢಿ. ವೀಸಾ ಸಿಗದಿದ್ದರೆ, ಹಿಮಪಾತವಾದರೆ, ಕಾಯಿಲೆ ಬಿದ್ದರೆ ಏನೆಂಬುದು ಬರಹದಲ್ಲಿರಲಿ.

೩. ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಯನ್ನೂ ‘ಹೊಡೆದದ್ದು’ ಎಂದೇ ಲೆಕ್ಕ ಹಿಡಿಯುತ್ತಾರೆ. ಹಣ ಹೋಯಿತು, ಕುರಿಯೂ ಹೋಯಿತು, ಕೈಗೆ ಬಂದದ್ದು ಏನೂ ಇಲ್ಲ.

೪. ಪಾಮೀರಿನ ಬೇಟೆಗಳು ನಾಲ್ಕು ಸಾವಿರ ಮೀಟರುಗಳಿಗೂ ಮೇಲೆ ನಡೆಯುತ್ತವೆ. ಸಮುದ್ರಮಟ್ಟದಿಂದ ಕೇವಲ ನಾಲ್ಕು ನೂರು ಮೀಟರು ಎತ್ತರದ ಊರಿನಲ್ಲಿ, ಗಲ್ಲೆಯ ಮುಂದೆ ಕುಳಿತು ಐವತ್ತು ದಾಟಿದ ದೇಹಕ್ಕೆ ಇದು ಸಣ್ಣ ಮಾತಲ್ಲ. ವೈದ್ಯರ ಸಲಹೆ ಮೊದಲು, ಮುಂಗಡ ಅನಂತರ.

೫. ಕೊಂಬನ್ನು ಮನೆಗೆ ತರಬಹುದೆಂದು ಭಾವಿಸಬೇಡಿ. ಭಾರತ ೧೯೭೬ರಿಂದ ಸೈಟಿಸ್ ಒಪ್ಪಂದದ ಸದಸ್ಯ ರಾಷ್ಟ್ರ. ಅರ್ಗಾಲಿ, ಯೂರಿಯಲ್ ಎರಡೂ ಆ ಒಪ್ಪಂದದ ಪಟ್ಟಿಗಳಲ್ಲಿವೆ. ವನ್ಯಪ್ರಾಣಿಗಳನ್ನೂ ಅವುಗಳ ಅಂಗಾಂಗಗಳನ್ನೂ ಆಮದು ಮಾಡಿಕೊಳ್ಳುವ ಬಗ್ಗೆ ನಮ್ಮ ಆಮದು ನೀತಿ ಅತ್ಯಂತ ಕಠಿಣ. ಲಿಖಿತ ಅನುಮತಿಯಿಲ್ಲದೆ ತಂದ ಕೊಂಬು ವಿಮಾನ ನಿಲ್ದಾಣದಲ್ಲಿಯೇ ಜಪ್ತಿಯಾಗುತ್ತದೆ, ಪ್ರಕರಣ ಬೇರೆ.

ತೆರಿಗೆಯ ದೃಷ್ಟಿಯಿಂದ

ಇಲ್ಲಿ ನನ್ನ ವೃತ್ತಿಯ ಮಾತು. ಈ ಖರ್ಚನ್ನು ‘ವ್ಯಾಪಾರೋತ್ತೇಜನ ವೆಚ್ಚ’ ಎಂಬ ಶೀರ್ಷಿಕೆಯಲ್ಲಿ ಹಾಕಿಬಿಡಿ ಎಂದು ನನ್ನ ಕಕ್ಷಿದಾರರು ಸೂಚಿಸಿದರು. ನಾನು ಒಪ್ಪಲಿಲ್ಲ. ಸ್ವಂತ ವಿನೋದದ ಖರ್ಚನ್ನು ವ್ಯಾಪಾರದ ಆದಾಯದಿಂದ ಕಳೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಅಪರಾಧವಾದ ಅಥವಾ ಕಾನೂನು ನಿಷೇಧಿಸಿದ ಕಾರ್ಯದ ಖರ್ಚಂತೂ ಸುತರಾಂ ಇಲ್ಲ. ವಿದೇಶದ ಕಾನೂನಿನಂತೆ ಅಪರಾಧವಾದರೂ ಅದೇ ಗತಿಯೆಂದು ೨೦೨೨ರ ಹಣಕಾಸು ಕಾಯಿದೆ ಸ್ಪಷ್ಟಪಡಿಸಿತು. ಸ್ವಂತ ಬಳಕೆಯ ಸೇವೆಗಳ ಮೇಲಿನ ಜಿ.ಎಸ್.ಟಿ.ಗೆ ಹೂಡುವಳಿ ತೆರಿಗೆ ಜಮೆಯೂ ಸಿಗದು.

ಸರಕು ಪೂರೈಸುವ ಸಂಸ್ಥೆ ಭರಿಸುವುದೆಂದ ಭಾಗ ‘ಪುಕ್ಕಟೆ’ ಎಂದು ಅವರು ಭಾವಿಸಿದ್ದರು. ಬೀಜ, ಗೊಬ್ಬರ, ಕೀಟನಾಶಕ, ಸಿಮೆಂಟ್ ವ್ಯಾಪಾರಿಗಳಲ್ಲಿ ಇಂಥ ವಿದೇಶ ಪ್ರವಾಸಗಳು ಸಾಮಾನ್ಯವಾದ್ದರಿಂದ ಎಲ್ಲರೂ ಗಮನಿಸಬೇಕು. ವ್ಯಾಪಾರದ ನಿಮಿತ್ತ ದೊರೆತ ಇಂಥ ಸವಲತ್ತು ಪಡೆದವನ ಆದಾಯವೇ. ವರ್ಷಕ್ಕೆ ೨೦,೦೦೦ ರೂಪಾಯಿ ಮೀರಿದರೆ ಕೊಡುವ ಸಂಸ್ಥೆ ಶೇಕಡಾ ೧೦ರಷ್ಟು ತೆರಿಗೆ ಮುರಿದುಕೊಳ್ಳಬೇಕೆಂಬ ನಿಯಮ ೨೦೨೨ರ ಜುಲೈ ೧ರಿಂದ ಜಾರಿಗೆ ಬಂತು. ಕಾಣಿಕೆ ಬಂದ ಸುದ್ದಿ ಇಲಾಖೆಯ ದಾಖಲೆಯಲ್ಲಿ ನಮ್ಮ ವಿವರಪಟ್ಟಿಗಿಂತ ಮೊದಲೇ ಇರುತ್ತದೆ.

ಹೊರದೇಶಕ್ಕೆ ಹಣ ಕಳಿಸುವುದಕ್ಕೆ ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಡಿ ಒಬ್ಬ ವ್ಯಕ್ತಿಗೆ ಹಣಕಾಸು ವರ್ಷವೊಂದಕ್ಕೆ ೨,೫೦,೦೦೦ ಡಾಲರ್ ಮಿತಿ ಇದೆ. ವಿದೇಶ ಪ್ರವಾಸದ ಒಟ್ಟು ಪ್ಯಾಕೇಜಿನ ಮೇಲೆ ಮೂಲದಲ್ಲಿ ತೆರಿಗೆ ಸಂಗ್ರಹ ೨೦೨೦ರ ಅಕ್ಟೋಬರ್ ೧ರಿಂದ ಬಂದಿದೆ. ದರಗಳು ಅನಂತರ ಹಲವು ಸಲ ಬದಲಾಗಿರುವುದರಿಂದ ಹೊರಡುವ ವರ್ಷದ ದರವನ್ನೇ ನೋಡಬೇಕು. ಹೀಗೆ ಸಂಗ್ರಹವಾದ ತೆರಿಗೆ ನಮ್ಮ ಹೆಸರಿಗೆ ಜಮೆಯಾಗುತ್ತದೆ, ನಷ್ಟವಲ್ಲ. ಆದರೆ ಅಷ್ಟು ತಿಂಗಳು ಹಣ ಕಟ್ಟಿಬೀಳುತ್ತದೆ.

ಕೊನೆಯದಾಗಿ ಬ್ಯಾಂಕು. ಮುಂಗಡವನ್ನು ಗಿರಣಿಯ ನಗದು ಸಾಲದ ಖಾತೆಯಿಂದ ಕೊಡುವುದೆಂದು ಅವರು ಯೋಚಿಸಿದ್ದರು. ದಾಸ್ತಾನಿನ ಮೇಲೆ ಕೊಟ್ಟ ಸಾಲವನ್ನು ಸ್ವಂತ ಪ್ರವಾಸಕ್ಕೆ ಬಳಸುವುದು ನಿಧಿಯ ದುರ್ಬಳಕೆ. ಅದಕ್ಕಿಂತ ಮುಖ್ಯವಾಗಿ, ಈ ಬೇಟೆಗಳ ಋತು ಶರತ್ಕಾಲದಿಂದ ಚಳಿಗಾಲದವರೆಗೆ. ಅದೇ ನಮ್ಮಲ್ಲಿ ಹತ್ತಿಯೂ ಭತ್ತವೂ ಮಾರುಕಟ್ಟೆಗೆ ಬರುವ ಕಾಲ. ನವೆಂಬರಿನಲ್ಲಿ ರೈತ ಬಂಡಿ ತಂದು ನಿಲ್ಲಿಸಿದಾಗ ಮಾಲೀಕ ಪಾಮೀರಿನ ಹಿಮದಲ್ಲಿ, ಖಾತೆಯಲ್ಲಿ ನಲವತ್ತು ಲಕ್ಷ ಕಡಿಮೆ! ಆ ವರ್ಷ ಕೊಳ್ಳದ ಹತ್ತಿಯ ಲಾಭವನ್ನೂ ಬೇಟೆಯ ಖರ್ಚಿಗೇ ಸೇರಿಸಬೇಕಾಗುತ್ತದೆ. ಈ ಸಾಲನ್ನು ತಃಖ್ತೆಯಲ್ಲಿ ಬರೆದು ತೋರಿಸಿದಾಗ ನನ್ನ ಕಕ್ಷಿದಾರರು ಮೊದಲ ಬಾರಿಗೆ ಮೌನವಾದರು.

ಅಶೋಕನ ಆಯ್ಕೆ

ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಹೊಸದೇನಲ್ಲ. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ ೧೯೧೫ರಲ್ಲಿ ದೊರೆತ ಶಿಲಾಶಾಸನದಿಂದ, ‘ದೇವಾನಾಂಪ್ರಿಯ’ನೆಂಬವನು ಅಶೋಕನೇ ಎಂಬುದು ಖಚಿತವಾಯಿತೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ಅಶೋಕನ ಎಂಟನೆಯ ಹಿರಿಯ ಶಿಲಾಶಾಸನದ ಪ್ರತಿ ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲೂ ಇದೆ. ಹಿಂದಿನ ಅರಸರು ಬೇಟೆ ಮೊದಲಾದ ವಿನೋದಗಳಿಗಾಗಿ ವಿಹಾರಯಾತ್ರೆ ಹೋಗುತ್ತಿದ್ದರು, ತಾನು ಪಟ್ಟಾಭಿಷೇಕವಾದ ಹತ್ತು ವರ್ಷಗಳ ಅನಂತರ ಬೋಧಿವೃಕ್ಷದ ಕ್ಷೇತ್ರಕ್ಕೆ ಹೋಗಿ ಧರ್ಮಯಾತ್ರೆ ಆರಂಭಿಸಿದೆ ಎಂಬುದು ಅದರ ಆಶಯ. ಅವನು ಪ್ರಯಾಣವನ್ನು ನಿಲ್ಲಿಸಲಿಲ್ಲ. ಪ್ರಯಾಣದ ಉದ್ದೇಶವನ್ನು ಬದಲಿಸಿದ.

ಬಂದೂಕಿಲ್ಲದೆ ಹೋಗುವ ದಾರಿಗಳು

ನೋಡುವ ಹಂಬಲವೇ ಮುಖ್ಯವಾದರೆ ದಾರಿಗಳು ಬೇಕಾದಷ್ಟಿವೆ. ಲಡಾಖಿನ ಹೆಮಿಸ್ ರಾಷ್ಟ್ರೀಯ ಉದ್ಯಾನ ೧೯೮೧ರಲ್ಲಿ ಸ್ಥಾಪನೆಯಾದುದು. ಅಲ್ಲಿಯ ರುಂಬಕ್ ಕಣಿವೆಯ ಹಳ್ಳಿಗರು ಪ್ರವಾಸಿಗಳನ್ನು ತಮ್ಮ ಮನೆಗಳಲ್ಲಿಯೇ ಇರಿಸಿಕೊಳ್ಳುತ್ತಾರೆ. ಉಲೆ ಎಂಬ ಹಳ್ಳಿಯ ಸುತ್ತ ಶಾಪು, ಕಾಡು ಆಡುಗಳು ಕಾಣಸಿಗುತ್ತವೆ. ಹಿಂದೆ ಕುರಿಯನ್ನು ಕೊಂದ ಹಿಮಚಿರತೆಯನ್ನು ಶಪಿಸುತ್ತಿದ್ದವರು ಇಂದು ಅದನ್ನು ತೋರಿಸಿ ಸಂಪಾದಿಸುತ್ತಾರೆ. ಅಲ್ಲಿಯೂ ಹಿಂಡು ಊರಿನದೇ; ಆದರೆ ಅದೇ ಟಗರನ್ನು ವರ್ಷವರ್ಷವೂ ಹತ್ತು ಜನರಿಗೆ ತೋರಿಸಬಹುದು. ಹೊಡೆದ ಟಗರನ್ನು ಒಂದೇ ಸಲ ಮಾರಬಹುದು.

ಅಷ್ಟು ದೂರ ಬೇಡವೆನ್ನುವವರಿಗೆ ೧೯೯೪ರಲ್ಲಿ ಘೋಷಿತವಾದ ದರೋಜಿ ಕರಡಿಧಾಮ ಹಂಪಿಯ ಬಳಿಯಲ್ಲಿದೆ; ಮಧ್ಯಾಹ್ನದ ಅನಂತರ ವೀಕ್ಷಣಾ ಗೋಪುರದಿಂದ ಕರಡಿಗಳನ್ನು ನೋಡಬಹುದು. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿ ವನ್ಯಜೀವಿಧಾಮ ರೂಪುಗೊಂಡಿದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ೧೯೭೪ರಿಂದ ಕೃಷ್ಣಮೃಗಗಳ ಅಭಯಾರಣ್ಯವಿದೆ.

ಉಪಸಂಹಾರ

ಬೇಟೆಯೆಲ್ಲವೂ ಪಾಪವೆಂದು ತೀರ್ಪು ಕೊಡಲು ನಾನು ಹೊರಟಿಲ್ಲ. ತೋರ್ಘರ್ ಬೆಟ್ಟದಲ್ಲಿ ಬೇಟೆಯ ಹಣವೇ ಕುರಿಯನ್ನು ಉಳಿಸಿತೆಂಬುದು ಸುಳ್ಳಲ್ಲ. ರ‍್ಯಾಮ್ ಮೌಂಟನ್ನಿನಲ್ಲಿ ಬೇಟೆಯೇ ತಳಿಯನ್ನು ಕುಗ್ಗಿಸಿತೆಂಬುದೂ ಸುಳ್ಳಲ್ಲ. ಸ್ಥಳದ ಆಯ್ಕೆಯೆಂದರೆ ಈ ಎರಡರಲ್ಲಿ ಯಾವುದಕ್ಕೆ ನಮ್ಮ ಹಣ ಸೇರುತ್ತದೆಂಬುದರ ಆಯ್ಕೆ. ಅದಕ್ಕೆ ಉತ್ತರ ಸಿಗದಿದ್ದರೆ ಹಣ ಕೊಡದಿರುವುದೇ ವರ್ತಕಧರ್ಮ.

ನನ್ನ ಕಕ್ಷಿದಾರರು ಮುಂಗಡ ಕಳಿಸಲಿಲ್ಲ. ದುಬೈಯ ಸ್ನೇಹಿತರಿಗೆ ಸ್ವಲ್ಪ ಬೇಸರವಾಯಿತು. ಸುಗ್ಗಿಯ ಖರೀದಿ ಸುಸೂತ್ರವಾಗಿ ನಡೆದು, ಗಿರಣಿಗೆ ಅಕ್ಕಿಯ ಬಣ್ಣ ವಿಂಗಡಿಸುವ ಯಂತ್ರವೊಂದು ಬಂತು. ಫೆಬ್ರುವರಿಯ ಕೊನೆಯಲ್ಲಿ ಅವರು ಮಗನನ್ನು ಕರೆದುಕೊಂಡು ಲೇಹ್‌ಗೆ ಹೋದರು. ಎತ್ತರಕ್ಕೆ ದೇಹ ಹೊಂದಲು ಮೂರು ದಿನ ವಿಶ್ರಾಂತಿ, ಐದು ದಿನ ಹಳ್ಳಿಯ ಮಾರ್ಗದರ್ಶಕನೊಡನೆ ಬೆಟ್ಟ. ನಾಲ್ಕನೆಯ ದಿನ ದೂರದ ಇಳಿಜಾರಿನಲ್ಲಿ ಏಳು ಶಾಪುಗಳು ಕಂಡವಂತೆ. ಇಬ್ಬರ ಒಟ್ಟು ಖರ್ಚು ಬೇಟೆಯ ಮುಂಗಡದ ಅರ್ಧಕ್ಕೂ ಬಹಳ ಕಡಿಮೆ. ಅದನ್ನು ಅವರ ಸ್ವಂತ ಹಿಂಪಡೆತದ ಖಾತೆಗೇ ಬರೆದಿದ್ದೇನೆ.

ಚಿತ್ರಗಳನ್ನು ಮನೆಯಲ್ಲಿ ತೋರಿಸಿದಾಗ ಹಿರಿಯರು ಮತ್ತೆ ಬಹಳ ಹೊತ್ತು ನೋಡಿದರಂತೆ. ಈ ಸಲ ಹಿಂಡು ಯ��ರದೆಂದು ಕೇಳಲಿಲ್ಲ. “ಇಷ್ಟು ಬೋಳು ಗುಡ್ಡದಲ್ಲಿ ಮೇವು ಎಲ್ಲಿಯದು?” ಎಂದು ಕೇಳಿದರಂತೆ.